ಎದುರು ದೋಣಿಯ ಸುದ್ದಿ

ಒಲೆಯ ಬೂದಿಯನ್ನು ತಗಡಿನ ಬಕೆಟ್ಟಿಗೆ ಬಳಿದುಕೊಂಡು ದೋಣಿಯ ಹಿಂಬಾಗಿಲಿನಿಂದ ಹೊರಗೆ ಬಂದೆ. ದಂಡೆಯ ಹಾದಿ ಹಿಮ ಕಟ್ಟಿ ಗಾಜಿನಂತೆ ಹೊಳೆಯುತ್ತಿತ್ತು. ಜಾರದ ಹಾಗೆ ಒಂದು ಹಿಡಿ ಬೂದಿ ಮುಂದಕ್ಕೆ ಚೆಲ್ಲುವುದು, ಅದರ ಮೇಲೆ ಕಾಲಿಡುವುದು, ಮತ್ತೆ ಒಂದು ಹಿಡಿ ಚೆಲ್ಲುವುದು. ಹೀಗೆ ಹಗ್ಗ ಕಟ್ಟಿದ ಗೂಟದವರೆಗೆ ಹೋದೆ. ಹಗ್ಗ ಕಟ್ಟಿಗೆಯ ಹಾಗೆ ಸೆಟೆದಿತ್ತು. ದೋಣಿಯ ಉದ್ದನೆಯ ಕೋಲಿನಿಂದ ನೀರಿನ ಮೇಲಿನ ಮಂಜುಗಡ್ಡೆಯನ್ನು ಕುಟ್ಟಿದರೆ ಬಾಣಲೆ ಬಡಿದಂತೆ ಸದ್ದಾಯಿತು, ಬಿರುಕು ಮಾತ್ರ ಬಿಡಲಿಲ್ಲ. ಆ ಸದ್ದು ಕಾಲುವೆಯುದ್ದಕ್ಕೂ ಓಡಿಹೋಗಿ ತಿರುವಿನಲ್ಲಿ ನಿಂತುಹೋಯಿತು. ಅದಕ್ಕೆ ಓಗೊಡಲು ಆ ಕಡೆ ಒಂದು ದೋಣಿಯೂ ಇರಲಿಲ್ಲ.

ಹೀಗೆ ಸಿಕ್ಕಿಕೊಂಡು ಅಂದಿಗೆ ಒಂಬತ್ತು ದಿನ. ದೋಣಿಯನ್ನು ಒಂದು ಮಟ್ಟದ ನೀರಿನಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಕಟ್ಟೆಗೆ ನಾವು ಲಾಕು ಎನ್ನುವುದು. ಮೇಲಿನ ಲಾಕಿಗೂ ಕೆಳಗಿನ ಲಾಕಿಗೂ ನಡುವೆ ಎರಡು ಮೈಲಿ ನೀರು, ಅದರಲ್ಲಿ ನಾನೊಬ್ಬಳೇ. ಒಂಬತ್ತು ದಿನದಲ್ಲಿ ನಾನು ಮಾತಾಡಿದ್ದು ಒಂದು ಹಂಸದ ಜೊತೆ. ಅದಕ್ಕೂ ಬೇಜಾರಾಗಿ ಐದನೆಯ ದಿನ ಗಡ್ಡೆಯ ಮೇಲೆ ನಡೆದುಕೊಂಡು ಹೊರಟುಹೋಯಿತು.

ನಾನು ಹುಟ್ಟಿದ್ದು ದೋಣಿಯಲ್ಲಿ. ನಮ್ಮಪ್ಪ ಆಕ್ಸ್‌ಫರ್ಡ್ ಕಾಲುವೆಯಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದವನು. ಆಮೇಲೆ ನಾನೂ ನನ್ನ ಗಂಡ ಜೇಬ್ ಕೂಡ ಅದೇ ಕೆಲಸ ಮಾಡಿದೆವು. ಸಾಗಣೆಯೆಲ್ಲ ಲಾರಿಗಳ ಪಾಲಾದ ಮೇಲೂ ಈ 'ಪ್ಲೋವರ್' ದೋಣಿಯನ್ನು ನಾವು ಬಿಡಲಿಲ್ಲ. ಜೇಬ್ ಹೋಗಿ ಹನ್ನೊಂದು ವರ್ಷವಾಯಿತು. ಈಗ ನನಗೆ ಎಪ್ಪತ್ತಮೂರು. ಒಂದು ಕಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಬಾರದು ಎಂಬುದು ಕಾಲುವೆಯವರ ಕಾನೂನು. ಕಾನೂನು ಇಲ್ಲದಿದ್ದರೂ ನಾನು ನಿಲ್ಲುವವಳಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಸೇತುವೆಯ ಕಡೆಯಿಂದ ಏನೋ ಕರಕರ ಎಳೆಯುವ ಸದ್ದು ಕೇಳಿತು. ನೋಡಿದರೆ ಜೋಸಿ. ಮಕ್ಕಳು ಹಿಮದ ಮೇಲೆ ಜಾರುವ ಗಾಡಿಯ ಮೇಲೆ ಎರಡು ಮೂಟೆ ಕಲ್ಲಿದ್ದಲು, ಒಂದು ಡ್ರಮ್ಮು ಕುಡಿಯುವ ನೀರು ಹೇರಿಕೊಂಡು ಎತ್ತಿನ ಹಾಗೆ ಬಾಗಿ ಎಳೆಯುತ್ತಿದ್ದಳು. ಜೋಸಿ ಕಲ್ಲಿದ್ದಲು ದೋಣಿಯವಳು. ನಮ್ಮ ಕಾಲುವೆಯಲ್ಲಿ ವಾಸವಿರುವ ದೋಣಿಗಳಿಗೂ ದಂಡೆಯ ಮನೆಗಳಿಗೂ ಚಳಿಗಾಲದಲ್ಲಿ ಅವಳೇ ಉರುವಲು ಕೊಡುವುದು. ನಲವತ್ತೈದರ ಹೆಂಗಸು, ತೋಳು ಮಾತ್ರ ಗಂಡಸಿನದು. ಅವಳ ತಾಯಿ ಡಾರ್ಕಸ್ ನನ್ನ ಓರಗೆಯವಳು. ದೋಣಿಯವರಲ್ಲಿ ದೊಡ್ಡವರನ್ನೆಲ್ಲ ಅತ್ತೆ, ಮಾವ ಎಂದು ಕರೆಯುವುದೇ ರೂಢಿ, ನೆಂಟಸ್ತನ ಇರಲಿ ಬಿಡಲಿ.

"ಅತ್ತೇ! ಬದುಕಿದೀಯೋ, ಮರಗಟ್ಟಿ ಹೋದ್ಯೋ?"

"ಮರಗಟ್ಟಿದೀನಿ. ಸೀಳಿ ಒಲೆಗೆ ಹಾಕ್ಕೊ ಬಾ."

"ನಿನ್ನ ಹಾಕಿದ್ರೆ ಬರೀ ಹೊಗೆ ಬರುತ್ತೆ, ಕಾವು ಬರಲ್ಲ." ಮೂಟೆಯನ್ನು ದೋಣಿಯ ಮಾಡಿನ ಮೇಲೆ ಧೊಪ್ಪೆಂದು ಇಳಿಸಿದಳು. "ನನ್ ದೋಣಿ ಮೇಲಿನ ಲಾಕಿನಾಚೆ ನಿಂತಿದೆ. ಗಡ್ಡೆ ಒಡೆದೂ ಒಡೆದೂ ಮೂತಿ ಬಣ್ಣವೆಲ್ಲ ಕಿತ್ತೋಯ್ತು. ಅದಕ್ಕೆ ವ್ಯಾನಲ್ಲಿ ತಂದೆ. ಅಲ್ಲ, ನೀನು ಇಲ್ಲಿ ಯಾಕೆ ಸಿಕ್ಕಾಕ್ಕೊಂಡೆ? ಲಾಕಿಗೆ ಹೊಸ ಬಾಗಿಲು ಹಾಕ್ತಾರೆ, ಮಾರ್ಚ್ ಹನ್ನೆರಡರ ತನಕ ತೆಗಿಯಲ್ಲ ಅಂತ ಗೊತ್ತಿರ್ಲಿಲ್ವಾ?"

"ಯಾರೂ ಹೇಳ್ಲಿಲ್ಲ."

"ಯಾರೂ ಹೇಳ್ಲಿಲ್ವಂತೆ! ಎರಡು ಲಾಕಿಗೂ ಮೊರದಗಲ ಕಾಗದ ಕಟ್ಟಿದಾರಲ್ಲೇ, ಪ್ಲಾಸ್ಟಿಕ್ ಹೊದಿಸಿ!"

"ನೋಡ್ಲಿಲ್ಲ ಕಣೇ."

"ನೋಡ್ಲಿಲ್ಲ! ರಾತ್ರಿ ಶಾಲೆ ಸರ್ಟಿಫಿಕೇಟು ಒಳಗೆ ಗೋಡೆ ಮೇಲೆ ನೇತಾಕಿದೀಯ. ಅದಕ್ಕೆ ದಿನಾ ಊದುಬತ್ತಿ ಹಚ್ತೀಯಾ, ಇಲ್ಲ ಉಪಯೋಗಿಸ್ತೀಯಾ?"

ನಾನೂ ನಕ್ಕೆ. ಆದರೆ ಒಳಗೆಲ್ಲೋ ಚುರುಕ್ ಎಂದಿತು.

ಆದದ್ದು ಇಷ್ಟೇ. ಡಿಸೆಂಬರ್ ಮೂವತ್ತರಂದು ಕೆಳಗಿನ ಲಾಕನ್ನು ನಾನೇ ತುಂಬಿಸಿ, ನಾನೇ ಬಾಗಿಲು ದೂಡಿ ದೋಣಿಯನ್ನು ಮೇಲೆ ತಂದೆ. ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು ದೂಡುವಾಗ ಬೆನ್ನ ಹಿಂದೆ ಏನೋ ಪರಪರ ಅಂದಿತ್ತು. ಅದೇ ಆ ಕಾಗದ. ಅದರ ಮೇಲೆ ಒರಗಿಕೊಂಡೇ ನಾನು ಲಾಕ್ ದಾಟಿದ್ದೆ. ನಾವು ಹಾಗೇ ಬೆಳೆದವರು. ಮುಂದೆ ನೀರು ಕಡಿಮೆ ಇದೆಯೇ, ಯಾವ ಸೇತುವೆ ಕೆಳಗೆ ಮರ ಬಿದ್ದಿದೆ, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ಸತ್ತರು ಎಂಬುದನ್ನೆಲ್ಲ ಎದುರಿಗೆ ಬರುವ ದೋಣಿಯವರು ಹೇಳಬೇಕು. ದಾಟಿ ಹೋಗುವಷ್ಟು ಹೊತ್ತಿನಲ್ಲಿ ಅವರು ಕೂಗುತ್ತಾರೆ, ನಾವು ಕೂಗುತ್ತೇವೆ. ಕಾಗದ ಅಂಟಿಸುವುದು ದಡದವರ ಕೆಲಸ. ಅರವತ್ತೈದಕ್ಕೆ ಓದು ಕಲಿತ ಮೇಲೂ ನನ್ನ ಕಣ್ಣು ಬರಹ ಹುಡುಕುವುದಿಲ್ಲ, ಕಿವಿಯೇ ಮುಂದೆ ಹೋಗುತ್ತದೆ. ಚಳಿಗಾಲದಲ್ಲಿ ಎದುರು ದೋಣಿಯೇ ಬರಲಿಲ್ಲ. ಸುದ್ದಿಯಿಲ್ಲ ಎಂದರೆ ದಾರಿ ಸರಿಯಿದೆ ಎಂದುಕೊಂಡೆ. ಜನವರಿ ನಾಲ್ಕಕ್ಕೆ ಎರಡೂ ಲಾಕು ಮುಚ್ಚಿದವು. ಆ ರಾತ್ರಿಯೇ ನೀರೂ ಹೆಪ್ಪುಗಟ್ಟಿತು.

ಜೋಸಿಯನ್ನು ಒಳಗೆ ಕರೆದು ಚಹಾ ಕೊಟ್ಟೆ. ಒಲೆಯ ಮೇಲೆ ಬೆಳಗಿನಿಂದ ಕುದಿಯುತ್ತಿದ್ದ ಬಟಾಣಿ ಸೂಪನ್ನೂ ಬಡಿಸಿದೆ. ದೋಣಿಯ ಕೋಣೆ ಎಂದರೆ ಎಷ್ಟು? ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಇನ್ನೊಬ್ಬರ ಮೊಣಕಾಲು ತಾಗಿ ಎಷ್ಟು ದಿನವಾಗಿತ್ತು ಎಂದು ಆಗ ಹೊಳೆಯಿತು.

"ಹಿಲ್ಬರಿ ಸೇತುವೆ ಹತ್ರ ವಿನ್ನಿ ಅತ್ತೆ ಮನೆಗೂ ಹಾಕಿ ಬಂದೆ," ಎಂದಳು ಜೋಸಿ, ಸೂಪು ಊದುತ್ತ. "ಇದೇ ಕೊನೇ ಮೂಟೆಯಂತೆ. ಮುಂದಿನ ಶನಿವಾರ ಮನೆ ಖಾಲಿ ಮಾಡ್ತಾರೆ. ಮಗಳು ಸ್ಕಾಟ್ಲೆಂಡಿಗೆ ಕರ್ಕೊಂಡು ಹೋಗ್ತಾಳಂತೆ."

ನಾನು ಬಟ್ಟಲು ಕೆಳಗಿಟ್ಟೆ. ವಿನ್ನಿ ನನ್ನ ಅಕ್ಕ. ನಲವತ್ತೇಳು ವರ್ಷದಿಂದ ನಾನು ಅವಳ ಜೊತೆ ಮಾತಾಡಿಲ್ಲ.

"ನೀನು ಅವಳ ಮನೆಗೆ ಹಾಕ್ತೀಯಾ?" ಎಂದು ಕೇಳಿದೆ.

"ಎಂಟು ವರ್ಷದಿಂದ ಹಾಕ್ತಿದೀನಿ. ನಿಂಗೆ ಹೇಳ್ಲಿಲ್ಲ, ಬೈತೀಯ ಅಂತ. ನಮ್ಮಮ್ಮ ಸಾಯೋ ತನಕ ಹೇಳೋಳು, ಆ ಮನೆ ಮುಂದೆ ದೋಣಿ ನಿಲ್ಲಿಸ್ಬೇಡ, ಹೆತ್ತ ತಾಯಿ ಸತ್ತಿದ್ದನ್ನ ತಂಗಿಗೆ ತಿಳಿಸದೆ ಮಣ್ಣು ಮಾಡಿದೋಳು ಅಂತ. ಯಾರು ಹೇಳಿದ್ದು ಅಂದ್ರೆ ನಿನ್ ಹೆಸರೇ ಹೇಳೋಳು, ಹೆಪ್ಸೀನೇ ಹೇಳಿದಾಳೆ, ಇನ್ನೇನು ಬೇಕು ಅಂತ. ಯಾವ ದೋಣಿಯೋರೂ ಅಲ್ಲಿ ನಿಲ್ಲಿಸ್ತಿರ್ಲಿಲ್ಲ. ನಂಗೆ ಅವೆಲ್ಲ ಗೊತ್ತಾಗಲ್ಲ ಅತ್ತೆ, ಉರುವಲು ಕೇಳಿದ್ರೆ ಕೊಡ್ತೀನಿ." ಇನ್ನೊಂದು ಚಮಚ ಸೂಪು ಕುಡಿದು ಅಂದಳು, "ವಿನ್ನಿ ಅತ್ತೆ ಪ್ರತಿ ಸಲ ಕೇಳ್ತಾಳೆ, 'ಪ್ಲೋವರ್' ಎಲ್ಲಿದೆ ಅಂತ. ಅಷ್ಟೇ. ನಿನ್ ಹೆಸರು ಎತ್ತಲ್ಲ, ದೋಣಿ ಹೆಸರು ಕೇಳ್ತಾಳೆ."

ನನ್ನ ತಲೆಯ ಮೇಲೆ ಗೋಡೆಯಲ್ಲಿ ಅಮ್ಮನ ಪಿಂಗಾಣಿ ತಟ್ಟೆಗಳು ತೂಗುತ್ತವೆ, ಅಂಚಿನಲ್ಲಿ ಕಸೂತಿಯಂತೆ ತೂತು ಇರುವವು. ಮಧ್ಯದ ತಟ್ಟೆಯ ಹಿಂದೆ ಎರಡು ಕಾಗದಗಳಿದ್ದವು. ಒಂದು ವಿನ್ನಿಯದು, ಒಂದು ನನ್ನದು.

ಅಪ್ಪ ಹೋದ ಮೇಲೆ ಅಮ್ಮನಿಗೆ ಎದೆಯ ಕಾಯಿಲೆ ಹಿಡಿಯಿತು. ವಿನ್ನಿ ಅಷ್ಟರಲ್ಲಿ ರೈಲ್ವೆಯಲ್ಲಿದ್ದವನನ್ನು ಮದುವೆಯಾಗಿ ದಡ ಹತ್ತಿದ್ದಳು. ಸಾವಿರದ ಒಂಬೈನೂರ ಅರವತ್ತೆರಡರ ಶರತ್ಕಾಲದಲ್ಲಿ ಅಮ್ಮನನ್ನೂ ಮನೆಗೆ ಕರೆದುಕೊಂಡು ಹೋದಳು. ಅಮ್ಮ ದೋಣಿಯ ಬದುಕು ಬಿಟ್ಟು ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ. ಇಬ್ಬರ ಮುಖದ ಮೇಲೂ, "ದಡ ಹತ್ತಿದೋರು ನಂಗೆ ಅಮ್ಮನೂ ಅಲ್ಲ, ಅಕ್ಕನೂ ಅಲ್ಲ" ಎಂದೆ. ಅಮ್ಮ ಈ ತಟ್ಟೆಗಳನ್ನು ಒಂದೊಂದಾಗಿ ಒರೆಸಿ ನನ್ನ ಕೈಗೆ ಕೊಟ್ಟು ಇಳಿದು ಹೋದಳು.

ಆ ಚಳಿಗಾಲ ಎಂಥದೆಂದು ನಮ್ಮವರಿಗೆಲ್ಲ ಗೊತ್ತು. ಹತ್ತು ವಾರ ಕಾಲುವೆ ಕಲ್ಲಾಗಿತ್ತು. ಫೆಬ್ರವರಿಯಲ್ಲಿ ನಾನೂ ಜೇಬೂ ಒಂದು ಲಾಕಿನ ಪಕ್ಕ ಕಟ್ಟಿಹಾಕಿಕೊಂಡು ಬಿದ್ದಿದ್ದೆವು. ಲಾಕ್ ಕಾಯುವವನ ಹೆಂಡತಿ ಒಂದು ಬೆಳಗ್ಗೆ ಕಾಗದ ತಂದಳು. "ಹಿಲ್ಬರಿಯಿಂದ ಬಂದಿದೆ ಹೆಪ್ಸಿ. ಓದಿ ಹೇಳ್ಲಾ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ನನಗೆ ಓದು ಬರುವುದಿಲ್ಲ ಎಂದು ವಿನ್ನಿಗೆ ಗೊತ್ತಿಲ್ಲವೇ? ದಡ ಹತ್ತಿ ಮೂರು ವರ್ಷಕ್ಕೆ ಕಾಗದ ಕಳಿಸುವಷ್ಟು ದೊಡ್ಡವಳಾದಳೇ? ತಟ್ಟೆಯಲ್ಲಿ ಪಾಲು ಕೇಳಿ ಬರೆಸಿರುತ್ತಾಳೆ ಎಂದುಕೊಂಡೆ. ಹೇಳುವುದಿದ್ದರೆ ನಮ್ಮವರ ಬಾಯಲ್ಲಿ ಹೇಳಿ ಕಳಿಸಲಿ.

"ಬೇಡ, ನಾನೇ ಓದ್ಕೋತೀನಿ" ಎಂದೆ.

ಆಕೆ ಒಂದು ಗಳಿಗೆ ನನ್ನನ್ನೇ ನೋಡಿದಳು. ನನಗೆ ಅಕ್ಷರ ಬರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಆಕೆಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಕಾಗದ ಕೊಟ್ಟು ಹೋದಳು. ಜೇಬ್ ಒಮ್ಮೆ ಮಾತ್ರ, "ಓದಿಸ್ಬಾರದಾ?" ಎಂದ. ನಾನು ಕಾಗದವನ್ನು ತಟ್ಟೆಯ ಹಿಂದೆ ತುರುಕಿದೆ.

ಮಾರ್ಚಿನಲ್ಲಿ ಗಡ್ಡೆ ಕರಗಿತು. ಮೊದಲ ಎದುರು ದೋಣಿ ಡಾರ್ಕಸಳದು. ದಾಟುವಾಗ ಕೂಗಿ ಹೇಳಿದಳು: "ನಿಮ್ಮಮ್ಮ ಹೋಗಿ ಮೂರು ವಾರ ಆಯ್ತಂತೆ ಕಣೇ ಹೆಪ್ಸಿ!" ಆ ಕ್ಷಣಕ್ಕೆ ನನ್ನ ಬಾಯಿಂದ ಬಂದದ್ದು, "ನಂಗ್ಯಾರೂ ತಿಳಿಸ್ಲೇ ಇಲ್ಲ!" ಎಂಬ ಮಾತು. ಕಾಗದದ ನೆನಪು ಬಂದದ್ದು ಅವಳು ತಿರುವು ದಾಟಿದ ಮೇಲೆ. ಅಷ್ಟರಲ್ಲಿ ಮಾತು ಹೊರಟುಹೋಗಿತ್ತು. ದೋಣಿಯಿಂದ ದೋಣಿಗೆ ಹೋಗಿ ವಾರದೊಳಗೆ ಬರ್ಮಿಂಗ್‌ಹ್ಯಾಮಿನಿಂದ ಆಕ್ಸ್‌ಫರ್ಡಿನವರೆಗೆ ಎಲ್ಲರ ಬಾಯಲ್ಲೂ ಇತ್ತು. ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ನಾನೂ ನಂಬಿದೆ ಎನ್ನಲಾರೆ. ಕಾಗದ ತಟ್ಟೆಯ ಹಿಂದೆ ಇತ್ತು. ಯಾರ ಕೈಲೂ ಓದಿಸದೆ ಇರುವವರೆಗೆ ಅದರಲ್ಲಿ ತಟ್ಟೆಯ ಪಾಲಿನ ಮಾತೇ ಇದೆ ಎಂದುಕೊಂಡು ಇರಬಹುದಿತ್ತು. ಹಿಲ್ಬರಿ ಸೇತುವೆ ದಾಟುವಾಗಲೆಲ್ಲ ಇಂಜಿನ್ ಜೋರು ಮಾಡಿಕೊಂಡು ನೇರ ಮುಂದೆ ನೋಡುತ್ತಿದ್ದೆ. ಒಂದೆರಡು ಸಲ ಆ ಮನೆಯ ಕಿಟಕಿಯ ಪರದೆ ಅಲುಗಿದ್ದು ಓರೆಗಣ್ಣಿಗೆ ಬಿದ್ದಿತ್ತು.

ಜೇಬ್ ಸತ್ತ ಮೇಲೆ ದೋಣಿಯಲ್ಲಿ ಅವನ ಉಸಿರಿನ ಸದ್ದೂ ಇಲ್ಲ. ಅದಕ್ಕೇ ರಾತ್ರಿ ಶಾಲೆಗೆ ಹೋದೆ. ಎರಡು ಚಳಿಗಾಲ ಮಂಗಳವಾರ, ಗುರುವಾರ. ದೋಣಿ ಎಲ್ಲಿ ನಿಂತಿದೆಯೋ ಅಲ್ಲಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ನಾನು ಓದಲು ಕಲಿತದ್ದು ಯಾಕೆಂದು ಮೇಷ್ಟ್ರು ಕೇಳಿದಾಗ, "ಹೊತ್ತು ಹೋಗೋಕೆ" ಎಂದೆ. ಎರಡನೆಯ ವಸಂತದಲ್ಲಿ ತಟ್ಟೆ ಇಳಿಸಿ ಆ ಕಾಗದ ಬಿಚ್ಚಿದೆ. ಮಡಿಕೆಯಲ್ಲೇ ಹರಿಯಿತು. ಅದು ಹೀಗಿತ್ತು:

'ಹೆಪ್ಸಿ, ದೋಣಿ ಒಂದೂ ಓಡುತ್ತಿಲ್ಲ, ಬಾಯಲ್ಲಿ ಹೇಳಿ ಕಳಿಸಲು ಯಾರೂ ಇಲ್ಲ. ಅದಕ್ಕೆ ಪಕ್ಕದ ಮನೆಯವರ ಕೈಲಿ ಬರೆಸುತ್ತಿದ್ದೇನೆ. ಅಮ್ಮನಿಗೆ ಉಸಿರು ಸಿಕ್ಕುತ್ತಿಲ್ಲ. ನಿನ್ನನ್ನೇ ಕೇಳುತ್ತಾಳೆ. ದಂಡೆಯ ಮೇಲೆ ನಡೆದು ಬಾ, ಹನ್ನೊಂದು ಮೈಲಿ. ಲಾಕಿನವರು ಓದಿ ಹೇಳುತ್ತಾರೆ ಅಂದುಕೊಂಡಿದ್ದೇನೆ. ವಿನ್ನಿ.'

ಹನ್ನೊಂದು ಮೈಲಿ. ಆಗ ನನಗೆ ಇಪ್ಪತ್ತಾರು. ಬೆಳಗ್ಗೆ ಹೊರಟಿದ್ದರೆ ಮಧ್ಯಾಹ್ನಕ್ಕೆ ಅಲ್ಲಿರುತ್ತಿದ್ದೆ.

ಆ ವಾರವೇ ಉತ್ತರ ಬರೆದೆ. ಏಳು ಹಾಳೆ. ಆಮೇಲೆ ಏಳು ವರ್ಷ ಅದನ್ನು ಅಂಚೆಗೆ ಹಾಕಲಿಲ್ಲ. ಹಾಕದೆ ಇರುವುದಕ್ಕೆ ನನ್ನ ಬಳಿ ಒಳ್ಳೆಯ ಕಾರಣವಿತ್ತು: ಕೆಳಗೆ ವಿಳಾಸ ಏನೆಂದು ಬರೆಯಲಿ? ಹದಿನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸುವವಳಿಗೆ ಅವಳು ಉತ್ತರ ಎಲ್ಲಿಗೆ ಬರೆಯಬೇಕು? ಮುಂದಿನ ಚಳಿಗಾಲ ಒಂದು ಕಡೆ ನಿಂತಾಗ ಹಾಕುತ್ತೇನೆ ಎಂದುಕೊಳ್ಳುವುದು. ಚಳಿಗಾಲ ಬಂದರೆ ನಿಲ್ಲದೆ ಓಡಾಡುವುದು. ಹಿಲ್ಬರಿಯ ಕಡೆಗಂತೂ ಆಮೇಲೆ ದೋಣಿಯನ್ನು ತಿರುಗಿಸಲೇ ಇಲ್ಲ.

"ಏನತ್ತೆ, ಸೂಪು ಆರಿಹೋಯ್ತು," ಎಂದಳು ಜೋಸಿ. "ನೋಡು, ಒಂದ್ ಮಾತು ಹೇಳೋದಿದ್ರೆ ಹೇಳು. ಶುಕ್ರವಾರ ಆ ಕಡೆ ಹೋಗ್ತೀನಿ, ನಾನೇ ಹೇಳ್ಬಿಡ್ತೀನಿ. ಇಲ್ಲ ಅಂದ್ರೆ ತಗೋ, ಫೋನ್ ಹಚ್ಚಿ ಕೊಡ್ತೀನಿ, ಈಗ್ಲೇ ಮಾತಾಡು."

ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ಎಷ್ಟು ಸುಲಭವಿತ್ತು. ಹೇಗಿದೀಯ, ಚೆನ್ನಾಗಿದೀನಿ, ಹಳೇದೆಲ್ಲ ಯಾಕೆ ಎಂದು ಇಬ್ಬರೂ ಅತ್ತು ಮುಗಿಸಬಹುದಿತ್ತು. ಕಾಗದದ ಮಾತು ಎತ್ತದೆಯೇ ಮುಗಿಸಿಬಿಡುತ್ತಿದ್ದೆ. ನನ್ನ ನಾಲಗೆ ನನಗೆ ಗೊತ್ತು.

"ಬೇಡ," ಎಂದೆ. "ಅವಳಿಗೆ ನಾನು ಬರೀತೀನಿ. ನೀನು ಬೇರೆ ಕೆಲಸ ಮಾಡು."

"ಏನು?"

"ಸಿಕ್ಕಿದ ದೋಣಿಯೋರಿಗೆಲ್ಲ ಹೇಳು. ವಿನ್ನಿ ಕಾಗದ ಹಾಕಿದ್ಲು. ಅಮ್ಮ ಸಾಯೋ ಮುಂಚೇನೇ ಹಾಕಿದ್ಲು. ಹೆಪ್ಸಿ ಕೈಗೆ ಬಂದಿತ್ತು. ಓದಿಸ್ಕೊಳ್ಳದೆ ಮುಚ್ಚಿಟ್ಳು ಅಂತ."

ಜೋಸಿ ಚಮಚ ಹಿಡಿದುಕೊಂಡೇ ಕೂತಳು. ಒಲೆಯೊಳಗೆ ಹೊಸ ಕಲ್ಲಿದ್ದಲು ಚಟಪಟ ಅಂದಿತು.

"ನಿಜವಾ ಅತ್ತೆ?"

"ನಿಜ."

"ನಮ್ಮಮ್ಮ ನಲವತ್ತು ವರ್ಷ ಅವಳ ಮನೆ ಕಡೆ ಮುಖ ಕೂಡ ತಿರುಗಿಸ್ಲಿಲ್ಲ."

"ಗೊತ್ತು."

"ಒಟ್ಟಿಗೆ ಬೆಳೆದೋರಂತೆ ಅವರಿಬ್ಬರೂ."

"ಗೊತ್ತು ಕಣೇ."

ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. ಮೆಟ್ಟಿಲು ಹತ್ತುವಾಗ ಹಿಂತಿರುಗಿ, "ಹೇಳ್ತೀನಿ," ಎಂದಳು. ಬರುವಾಗಿನ ನಗು ಇರಲಿಲ್ಲ. ಗಾಡಿ ಕರಕರ ಎನ್ನುತ್ತ ಸೇತುವೆಯ ಕಡೆ ಹೋಯಿತು. ವ್ಯಾನು ಹೊರಟ ಸದ್ದಾದ ಮೇಲೆ ಮತ್ತೆ ಮೊದಲಿನ ಹಾಗೆ ಆಯಿತು, ಅಥವಾ ಮೊದಲಿಗಿಂತ ಹೆಚ್ಚು. ಅವಳು ಕುಡಿದ ಲೋಟ ಇನ್ನೂ ಬೆಚ್ಚಗಿತ್ತು.

ತಟ್ಟೆ ಇಳಿಸಿ ನನ್ನ ಏಳು ಹಾಳೆ ತೆಗೆದು ಓದಿದೆ. ಮೊದಲ ಹಾಳೆಯ ತುಂಬ ಚಳಿಯ ವರ್ಣನೆ. ಎರಡನೆಯದರಲ್ಲಿ ಜೇಬ್‌ನ ಜ್ವರ. ಮೂರನೆಯದರಲ್ಲಿ, ಆ ಲಾಕಿನ ಹೆಂಗಸಿನ ಸ್ವಭಾವ ಎಂಥದು ಎಂಬ ವಿಚಾರ. ನಾನು ಕಾಗದ ಓದಿಸಿಕೊಳ್ಳಲಿಲ್ಲ ಎಂಬ ಮಾತು ಬರುವ ಹೊತ್ತಿಗೆ ಐದನೆಯ ಹಾಳೆಯ ಕೊನೆ. ಅದೂ 'ನಿನಗೆ ತಿಳಿದ ಹಾಗೆ ನಮಗೆ ಓದು ಬರುತ್ತಿರಲಿಲ್ಲ' ಎಂದಿತ್ತು. ಏಳನ್ನೂ ಒಲೆಗೆ ಹಾಕಿದೆ. ಹೊಸ ಹಾಳೆ ತೆಗೆದುಕೊಂಡೆ. ಬೆರಳು ಸೆಟೆದಿದ್ದರಿಂದ ಚಹಾದ ಕೆಟಲಿಗೆ ಆಗಾಗ ತಾಗಿಸಿಕೊಂಡು ಬರೆದೆ.

'ವಿನ್ನಿ, ಅರವತ್ತಮೂರರಲ್ಲಿ ನೀನು ಬರೆಸಿದ ಕಾಗದ ನನಗೆ ಆಗಲೇ ಸಿಕ್ಕಿತ್ತು. ಓದಿ ಹೇಳುತ್ತೇನೆ ಎಂದವರನ್ನು ನಾನೇ ಬೇಡ ಎಂದೆ. ನೀನು ತಿಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದು ನಾನು. ಅದು ಸುಳ್ಳು. ದೋಣಿಯವರಿಗೆ ನಿಜ ಹೇಳಿ ಕಳಿಸಿದ್ದೇನೆ. ನಾನು ಈಗ ಓದುತ್ತೇನೆ, ಇದು ನನ್ನ ಕೈಬರಹ. ನಿನ್ನ ಕಾಗದ ಓದಿ ಏಳು ವರ್ಷವಾಯಿತು, ಅಷ್ಟೂ ದಿನ ಸುಮ್ಮನಿದ್ದೆ. ಅಮ್ಮ ನನ್ನನ್ನು ಕೇಳಿದಾಗ ನೀನು ಅವಳಿಗೆ ಏನು ಹೇಳಿದೆ? ಬೈದಾದರೂ ಬರೆ. ತಟ್ಟೆಗಳು ಆರೂ ಇವೆ, ಒಡೆದಿಲ್ಲ. ಹೆಪ್ಸಿ.'

ಇನ್ನು ಕೆಳಗೆ ವಿಳಾಸ. ಪೆನ್ನು ಅಲ್ಲೇ ನಿಂತಿತು. ಆಮೇಲೆ ನನಗೇ ನಗು ಬಂತು, ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಬರೆದೆ: 'ಪ್ಲೋವರ್ ದೋಣಿ, ನೂರ ಹದಿನೆಂಟನೇ ಸೇತುವೆಯ ಪಕ್ಕದ ಹೊಲದ ಮನೆಯವರ ಮೂಲಕ. ಎರಡು ಕಡೆಯೂ ಲಾಕು ಮುಚ್ಚಿದೆ. ಮಾರ್ಚ್ ಹನ್ನೆರಡರವರೆಗೆ ಎಲ್ಲಿಗೂ ಹೋಗಲಾರೆ.'

ಎರಡು ಕೋಟು ಹಾಕಿ, ಬೂಟಿನ ಮೇಲೆ ಜೇಬ್‌ನ ಹಳೇ ಕಾಲುಚೀಲ ಏರಿಸಿಕೊಂಡು, ಉಳಿದ ಬೂದಿಯ ಬಕೆಟ್ಟನ್ನೂ ಹಿಡಿದು ಹೊರಟೆ. ಹಳ್ಳಿ ಒಂದೂವರೆ ಮೈಲಿ. ಸೇತುವೆಯ ಏರು ಹತ್ತುವಲ್ಲಿ ಬೂದಿ ಚೆಲ್ಲಿಕೊಂಡೆ. ಅಲ್ಲಿಗೇ ಅದು ಮುಗಿಯಿತು. ಹೊಲದ ಮನೆಯವಳು ಬಟ್ಟೆ ಒಣಹಾಕುತ್ತಿದ್ದಳು, ಹಾಕಿದ ಅಂಗಿಗಳೆಲ್ಲ ಹಲಗೆಯಾಗಿ ನಿಂತಿದ್ದವು. ನನ್ನ ಹೆಸರಿಗೆ ಕಾಗದ ಬಂದರೆ ಇಟ್ಟುಕೊಂಡಿರುತ್ತೀಯಾ ಎಂದು ಕೇಳಿದೆ.

"ಬರುತ್ತಾ?" ಎಂದಳು.

"ಗೊತ್ತಿಲ್ಲ."

"ಬಂದ್ರೆ ನಾಯಿ ಬೊಗಳಿಸ್ತೀನಿ ಬಿಡಿ, ನಿಮಗೆ ಅಲ್ಲಿಗೇ ಕೇಳುತ್ತೆ."

ಮುಂದೆ ದಾರಿಯಲ್ಲಿ ಒಬ್ಬರೂ ಸಿಗಲಿಲ್ಲ. ಬೇಲಿಯ ಬುಡ ಹಿಡಿದುಕೊಂಡು, ಜಾರಿದಲ್ಲಿ ಕೂತು, ಎದ್ದು ಹೋದೆ. ಹನ್ನೊಂದು ಮೈಲಿಯ ಲೆಕ್ಕ ತಲೆಯಿಂದ ಹೋಗಲಿಲ್ಲ.

ಅಂಚೆಪೆಟ್ಟಿಗೆ ಚರ್ಚಿನ ಗೋಡೆಯೊಳಗೆ ಹುದುಗಿಸಿದ ಸಣ್ಣ ಕೆಂಪು ಪೆಟ್ಟಿಗೆ. ಅದರ ಮೇಲೆ ಬಿಳಿಯ ಫಲಕವಿತ್ತು, ಹಿಮ ಮೆತ್ತಿಕೊಂಡು. ಕಾಗದ ಹಾಕುವುದಕ್ಕೆ ಕೈ ಎತ್ತಿದವಳು ತಡೆದೆ. ಕೈಗವಸು ತೆಗೆದು, ಅದರಿಂದ ಫಲಕ ಒರೆಸಿ ಅದರಲ್ಲಿದ್ದುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದೆ, ಮಕ್ಕಳು ಓದುವ ಹಾಗೆ ಗಟ್ಟಿಯಾಗಿ. ಕಾಗದಗಳನ್ನು ಒಯ್ಯುವುದು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ನಾಲ್ಕೂಕಾಲು ಗಂಟೆಗೆ. ಚರ್ಚಿನ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ಇದೆ ಎನ್ನುತ್ತಿತ್ತು. ಅಂದು ಬುಧವಾರ.

ಕಾಗದ ಸೀಳಿನಲ್ಲಿ ಅರ್ಧ ಹೋಗಿ ನಿಂತಿತು, ಅಲ್ಲೂ ಹಿಮ ಕಟ್ಟಿತ್ತು. ಬೆರಳಿನಿಂದ ಕೆರೆದು, ಬಾಯಿಂದ ಊದಿ, ಒಳಕ್ಕೆ ದೂಡಿದೆ. ಅದು ಪೆಟ್ಟಿಗೆಯ ತಳಕ್ಕೆ ಬಿದ್ದ ಸದ್ದು ಕೇಳುವವರೆಗೆ ಕಿವಿಯನ್ನು ಅಲ್ಲೇ ಇಟ್ಟುಕೊಂಡಿದ್ದೆ.